ಮೈಯಿಲ್ಲದ ದನಿ, ದನಿಯಿಲ್ಲದ ಮೈ

ಮುಂಬಯಿಯಿಂದ ಹೊರಟ ಹಾಡೊಂದು ಅರಸೀಕೆರೆಗೆ ಬಂದು ಮುಟ್ಟಲು ಎಷ್ಟು ಹೊತ್ತು ಬೇಕು? ಭೂಪಟದ ಮೇಲೆ ನೇರ ಗೆರೆ ಎಳೆದರೆ ಎರಡೂ ಊರುಗಳ ನಡುವೆ ಸುಮಾರು 730 ಕಿಲೋಮೀಟರ್. ಶಾರ್ಟ್‌ವೇವ್ ಅಲೆ ಈ ನೆಲದ ದಾರಿ ಹಿಡಿಯುವುದಿಲ್ಲ. ಅದು ಮೊದಲು ಮೇಲಕ್ಕೆ ಹೋಗುತ್ತದೆ. ನೆಲದಿಂದ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ, ಸೂರ್ಯಕಿರಣದ ಹೊಡೆತಕ್ಕೆ ಅಣುಗಳು ಒಡೆದು ವಿದ್ಯುತ್ ಕಣಗಳಾಗಿ ಹರಡಿಕೊಂಡ ಪದರವೊಂದಿದೆ, ಅಯಾನುಗೋಳ ಎನ್ನುತ್ತಾರೆ. ಹಾಡು ಅಲ್ಲಿಗೆ ತಾಗಿ, ಬಾಗಿ, ಮತ್ತೆ ಕೆಳಗಿಳಿದು ನಮ್ಮ ಮಾಡಿನ ಮೇಲೆ ಕಟ್ಟಿದ ತಂತಿಗೆ ಸಿಗುತ್ತದೆ. ಹತ್ತಿ ಇಳಿಯುವ ಈ ಪಯಣವೆಲ್ಲ ಸೇರಿ ಸಾವಿರ ಕಿಲೋಮೀಟರಿಗೆ ತುಸು ಕಡಿಮೆ. ಬೆಳಕಿನ ವೇಗದ ಅಲೆಗೆ ಅದು ಸೆಕೆಂಡಿನ ಮುನ್ನೂರರಲ್ಲೊಂದು ಪಾಲಿನ ಕೆಲಸ.

ಇನ್ನು ಮನೆಯೊಳಗಿನ ಲೆಕ್ಕ. ಗೂಡಿನಲ್ಲಿಟ್ಟ ರೇಡಿಯೊದಿಂದ ಎರಡು ಮೀಟರ್ ಆಚೆ ಚಾಪೆಯ ಮೇಲೆ ಅಜ್ಜಿ ಕುಳಿತಿದ್ದಾಳೆ ಎನ್ನಿ. ಪೆಟ್ಟಿಗೆಯಿಂದ ಹೊರಬಿದ್ದ ಮೇಲೆ ಹಾಡು ಬರಿಯ ಶಬ್ದ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಹೋಗುವುದು ಸುಮಾರು 340 ಮೀಟರ್ ಮಾತ್ರ. ಆ ಎರಡು ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ನೂರೆಪ್ಪತ್ತರಲ್ಲೊಂದು ಪಾಲು ಬೇಕು. ಎಂದರೆ, ಆಕಾಶ ಮುಟ್ಟಿ ಮುಂಬಯಿಯಿಂದ ಅರಸೀಕೆರೆಗೆ ಬಂದುದಕ್ಕಿಂತ ಗೂಡಿನಿಂದ ಚಾಪೆಗೆ ಬರಲು ಹಾಡಿಗೆ ಹೆಚ್ಚು ಹೊತ್ತು ಹಿಡಿಯಿತು.

ಈ ಲೆಕ್ಕ ಗೊತ್ತಾದ ದಿನ ನನಗೆ ಬೇರೆ ಏನೂ ಓದಲು ಮನಸ್ಸಾಗಲಿಲ್ಲ. ರೇಡಿಯೊದ ಬಗ್ಗೆ ನಮ್ಮಲ್ಲಿ ನೆನಪಿನ ಬರಹಗಳಿಗೆ ಕೊರತೆಯಿಲ್ಲ. ಆ ಹಾಡು, ಈ ಧಾರಾವಾಹಿ, ಆ ಕಾಲ ಮತ್ತೆ ಬಾರದು ಎಂಬ ನಿಟ್ಟುಸಿರು. ನನಗೆ ಹೇಳಬೇಕೆನಿಸಿರುವುದು ಅದಲ್ಲ. ಊರಿನ ಒಂದೊಂದು ಮನೆಯೊಳಗೂ ಪ್ರತಿದಿನ, ಕಾಫಿ ಕುಡಿಯುವಷ್ಟು ಸಹಜವಾಗಿ, ಇಂಥದೊಂದು ಅಚ್ಚರಿ ನಡೆಯುತ್ತಿತ್ತು. ಅದರ ಪಕ್ಕದಲ್ಲೇ ನಾವು ಅಕ್ಕಿ ಆರಿಸುತ್ತಿದ್ದೆವು, ಮನೆಲೆಕ್ಕ ಮಾಡುತ್ತಿದ್ದೆವು. ಆ ಅಚ್ಚರಿಯ ಹೆಸರು ವಿವಿಧ ಭಾರತಿ.

ಅದು ಹುಟ್ಟಿದ್ದು 1957ರ ಅಕ್ಟೋಬರ್ 3ರಂದು. ಹುಟ್ಟಿದ ಕಾರಣ ಮಾತ್ರ ಐದು ವರ್ಷ ಹಿಂದಿನದು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತವೆಂದರೆ ಪ್ರಾಣ, ಸಿನಿಮಾ ಹಾಡೆಂದರೆ ಬೇಸರ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಹೆಚ್ಚುಕಡಿಮೆ ಮರೆಯಾಯಿತು. ಜನ ಸುಮ್ಮನೆ ಕೂರಲಿಲ್ಲ. ರೇಡಿಯೊದ ಮುಳ್ಳು ತಿರುಗಿಸಿದರು. ಸಮುದ್ರದಾಚೆ ಸಿಲೋನ್ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ನೆಟ್ಟ ಬಲವಾದ ಶಾರ್ಟ್‌ವೇವ್ ಪ್ರಸಾರಕ ಯುದ್ಧ ಮುಗಿದ ಮೇಲೆ ರೇಡಿಯೊ ಸಿಲೋನಿನ ಕೈಗೆ ಬಂದಿತ್ತು. ಅದರಿಂದ ಹಿಂದಿ ಹಾಡು, ನಡುನಡುವೆ ಟೂತ್‌ಪೇಸ್ಟಿನ ಜಾಹೀರಾತು. 1952ರ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಅವರ ದನಿ ಮುದ್ರಣವಾಗುತ್ತಿದ್ದುದು ಮುಂಬಯಿಯಲ್ಲಿ. ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗುತ್ತಿತ್ತು. ಅಲ್ಲಿಂದ ಆಕಾಶ ಹತ್ತಿ ಮುಂಬಯಿಗೂ, ನಮ್ಮ ಬಾಣಾವರ, ಜಾವಗಲ್ಲಿಗೂ ಇಳಿಯುತ್ತಿತ್ತು. ಒಂದು ದೇಶ ತನ್ನದೇ ದನಿಯನ್ನು ಇನ್ನೊಂದು ದೇಶದಿಂದ ಕೇಳಿಸಿಕೊಳ್ಳುತ್ತಿದ್ದ ಕಾಲ ಅದು.

ಕೇಸ್ಕರ್ ಅವರನ್ನು ಬೈಯುವವರು ಬಹಳ. ಚಿತ್ರಗೀತೆಯ ವಿಷಯದಲ್ಲಿ ಅವರು ತಪ್ಪಿದ್ದರು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಒಬ್ಬರ ರುಚಿಯನ್ನು ಕೋಟ್ಯಂತರ ಕಿವಿಗಳಿಗೆ ಕಟ್ಟಲಾಗದು. ಆದರೆ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದೂ ಅವರ ಕಾಲದಲ್ಲೇ, ಅದೇ 1952ರಲ್ಲಿ. ಹಳ್ಳಿಯ ಕಿವಿಗೂ ದೊಡ್ಡ ವಿದ್ವಾಂಸರ ಕಛೇರಿ ಸಿಕ್ಕಿದ್ದು ಆಗ. ಕೊನೆಗೆ ಜನರ ಹಟಕ್ಕೆ ಸರ್ಕಾರವೇ ಬಾಗಿ ಹಗುರ ಮನರಂಜನೆಗೆಂದೇ ಪ್ರತ್ಯೇಕ ಸೇವೆ ತೆರೆದದ್ದೂ ಅವರು ಸಚಿವರಾಗಿದ್ದಾಗಲೇ. ಕಾರ್ಯಕ್ರಮ ಕಟ್ಟುವ ಹೊಣೆ ಹಿಂದಿ ಕವಿ ಪಂಡಿತ ನರೇಂದ್ರ ಶರ್ಮ ಅವರಿಗೆ ಬಂತು. ವಿವಿಧ ಭಾರತಿ ಎಂಬ ಹೆಸರೂ ಅವರದೇ. ಮೊದಲ ದಿನ ಹೊರಟ ಗೀತೆ ‘ನಾಚ್ ರೇ ಮಯೂರಾ’: ಸಾಹಿತ್ಯ ಶರ್ಮರದು, ರಾಗ ಸಂಯೋಜನೆ ಅನಿಲ್ ಬಿಸ್ವಾಸ್ ಅವರದು, ಕಂಠ ಮನ್ನಾ ಡೇ ಅವರದು. ಸಿನಿಮಾ ಹಾಡಿಗಾಗಿ ಹುಟ್ಟಿದ ಕೇಂದ್ರದ ಮೊದಲ ಗೀತೆ ಯಾವ ಸಿನಿಮಾದ್ದೂ ಆಗಿರಲಿಲ್ಲ. ಮುಂಬಯಿ ಮತ್ತು ಮದರಾಸಿನ ತಲಾ 100 ಕಿಲೋವಾಟ್ ಶಾರ್ಟ್‌ವೇವ್ ಪ್ರಸಾರಕಗಳು ಅದನ್ನು ಆಕಾಶಕ್ಕೆ ಎಸೆದವು.

ವಿವಿಧ ಭಾರತಿಯ ಹೆಸರು ಶರ್ಮರದಾದರೆ, ಆಕಾಶವಾಣಿ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ನಮ್ಮ ಮೈಸೂರಿನಿಂದ. ಅರಸೀಕೆರೆಯಿಂದ ಹಾಸನದ ಮೇಲೆ ರೈಲಿನಲ್ಲಿ ಹೋದರೆ ಸಿಗುವ ಆ ಊರಿನ ಒಂಟಿಕೊಪ್ಪಲಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಶುರುವಾದದ್ದು ಬರೀ 30 ವಾಟ್ ಪ್ರಸಾರಕದಿಂದ. ಹಳೆಯ ಕಾಲದ ಒಂದು ಸಣ್ಣ ಬಲ್ಬಿಗೆ ಬೇಕಾಗುತ್ತಿದ್ದಷ್ಟೇ ಶಕ್ತಿ. ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಮೈಸೂರಿನವರು ಅಭಿಮಾನದಿಂದ ಹೇಳುತ್ತಾರೆ. ಅಂಥದೊಂದು ಮನೆಯಲ್ಲಿ ಮಿಣುಕಿದ್ದು ದೇಶದ ದನಿಗೆ ಹೆಸರಾದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮ ದೊಡ್ಡಪ್ಪನ ಮನೆಯಲ್ಲಿ ಇದ್ದುದು ವಾಲ್ವ್ ರೇಡಿಯೊ. ಮರದ ಪೆಟ್ಟಿಗೆ, ಮುಂದೆ ಚಿನ್ನದ ಬಣ್ಣದ ಬಟ್ಟೆ, ಬಟ್ಟೆಯ ಹಿಂದೆ ಸ್ಪೀಕರು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾಯಬೇಕು. ಮೊದಲು ಗಾಜಿನ ಫಲಕದ ಹಿಂದೆ ಹಳದಿ ಬೆಳಕು. ಫಲಕದ ಮೇಲೆ 19, 25, 31, 41, 49 ಎಂದು ಮೀಟರ್ ಬ್ಯಾಂಡಿನ ಅಂಕಿಗಳು. ಆಮೇಲೆ ದೂಳು ಕಾದ ಸಣ್ಣ ವಾಸನೆ. ಆಮೇಲೆ ‘ಗುಂಯ್’ ಎನ್ನುವ ದನಿ. ಮೂಲೆಯಲ್ಲೊಂದು ಹಸಿರು ಕಣ್ಣು. ಸ್ಟೇಷನ್ ಸರಿಯಾಗಿ ಕೂತಂತೆ ಆ ಹಸಿರಿನ ನಡುವಿನ ಕಪ್ಪು ಸೀಳು ಕಿರಿದಾಗುತ್ತ ಬರುತ್ತಿತ್ತು. ದೊಡ್ಡಪ್ಪ ಕಿವಿಗಿಂತ ಆ ಕಣ್ಣನ್ನೇ ನಂಬುತ್ತಿದ್ದರು. ಹಂಚಿನ ಕೆಳಗೆ ಗೋಡೆಯಿಂದ ಗೋಡೆಗೆ ಜಾಲರಿಯ ಏರಿಯಲ್ ಕಟ್ಟಿತ್ತು. ಮಳೆಗಾಲದ ಸಂಜೆ ಗುಡುಗಿದರೆ ಓಡಿಹೋಗಿ ಅದರ ತಂತಿ ಬಿಚ್ಚಬೇಕು.

ರೇಡಿಯೊ ಇಟ್ಟುಕೊಳ್ಳಲು ಸರ್ಕಾರದ ಅಪ್ಪಣೆ ಬೇಕಿತ್ತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೆ 15 ರೂಪಾಯಿ ಕಟ್ಟಿ ಮುದ್ರೆ ಹಾಕಿಸಿಕೊಳ್ಳಬೇಕು. ಈ ಪದ್ಧತಿ ಎದ್ದುಹೋದದ್ದು 1980ರ ದಶಕದಲ್ಲಿ. ಆಕಾಶದಿಂದ ತಾನಾಗಿ ಇಳಿಯುವ ದನಿಗೆ ಅಂಚೆಯವರು ರಸೀತಿ ಬರೆಯುತ್ತಿದ್ದರು. ಆ ಪುಸ್ತಕವನ್ನು ದೊಡ್ಡಪ್ಪ ಪಹಣಿ, ಪಟ್ಟೆಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದರು, ಅದೂ ಒಂದು ಆಸ್ತಿ ಎಂಬಂತೆ.

ಹಾಡು ಎಂದೂ ಒಂದೇ ಸಮ ಬರುತ್ತಿರಲಿಲ್ಲ. ಚರಣದ ನಡುವೆ ದನಿ ದೂರ ಸರಿದು, ಇನ್ನೇನು ಹೋಯಿತು ಎನ್ನುವಾಗ ಮತ್ತೆ ಹತ್ತಿರ ಬರುತ್ತಿತ್ತು. ಸ್ಟೇಷನ್ನಿನವರ ತಪ್ಪು ಎಂದುಕೊಳ್ಳುತ್ತಿದ್ದೆವು. ಮುನ್ನೂರು ಕಿಲೋಮೀಟರ್ ಮೇಲಿನ ಆ ಪದರ ನಿಂತಲ್ಲಿ ನಿಲ್ಲುವುದಿಲ್ಲ. ಸೂರ್ಯ ಏರಿದಂತೆ, ಇಳಿದಂತೆ ಅದರ ದಪ್ಪ, ಎತ್ತರ ಎರಡೂ ಬದಲಾಗುತ್ತವೆ. ಹಾಡಿನ ಆ ಏರಿಳಿತದಲ್ಲಿ ನಾವು ಕೇಳುತ್ತಿದ್ದುದು ಆಕಾಶದ ಅಲುಗಾಟವನ್ನೇ. ರಾತ್ರಿಯ ಮಾತೇ ಬೇರೆ. ಹಗಲಲ್ಲಿ ಮೀಡಿಯಂವೇವನ್ನು ನುಂಗುವ ಕೆಳಗಿನ ಪದರವೊಂದು ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಆಗ ಹಗಲಿಡೀ ಇಲ್ಲದ ದೂರದೂರದ ಕೇಂದ್ರಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಭದ್ರಾವತಿಯ 675 ಕಿಲೋಹರ್ಟ್ಸ್, ಬೆಂಗಳೂರಿನ 612, ಧಾರವಾಡದ 765 ಹುಡುಕುವ ಕೈಗೆ ಯಾವುದೋ ಅರಿಯದ ಭಾಷೆಯ ವಾರ್ತೆ ಸಿಗುತ್ತಿತ್ತು. ಕತ್ತಲಾದರೆ ಕಿವಿ ದೂರ ಹೋಗುತ್ತದೆ ಎಂಬುದನ್ನು ವಿಜ್ಞಾನ ಓದದ ನಮ್ಮ ಹಳ್ಳಿಯವರು ಅನುಭವದಿಂದ ಕಂಡುಕೊಂಡಿದ್ದರು.

ಅರಸೀಕೆರೆಯ ಕಡೆಯವರ ಕಿವಿಗೆ ಮೊದಲೇ ಒಂದು ಪಳಗು ಇದೆ. ಇದು ಕೊಬ್ಬರಿಯ ಸೀಮೆ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟಕಾಗಬೇಕು. ಆಗಿದೆಯೋ ಇಲ್ಲವೋ ನೋಡಲು ಕಣ್ಣು ಸಾಲದು. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಲೊಟಲೊಟ ಎಂದರೆ ಉಂಡೆ ಕೊಬ್ಬರಿ ಸಿದ್ಧ. ನೀರಿನ ಸದ್ದು ಇನ್ನೂ ಇದ್ದರೆ ವಾಪಸ್ ಅಟ್ಟಕ್ಕೆ. ಮಟ್ಟೆ ಸುಲಿದು ಚಿಪ್ಪು ಬಿಡಿಸುವ ಹೆಂಗಸರ ನಡುವೆ ಟ್ರಾನ್ಸಿಸ್ಟರ್ ಇರುತ್ತಿತ್ತು. ತೂತಿನ ಚರ್ಮದ ಅಂಗಿ ತೊಡಿಸಿ ಕಂಬದ ಮೊಳೆಗೆ ನೇತುಹಾಕಿದ್ದು. ಒಂದು ಕಿವಿ ಕಾಯಿಗೆ, ಇನ್ನೊಂದು ವಿವಿಧ ಭಾರತಿಗೆ. ಮಂಡಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬ ಅಜ್ಜಿಯನ್ನು, “ಹಿಂದಿ ಅರ್ಥವಾಗ್ತಿತ್ತೇನಜ್ಜಿ?” ಎಂದು ಕೇಳಿದ್ದೆ. “ಮಾತು ಯಾರಿಗೆ ಬೇಕಿತ್ತಪ್ಪ, ಅವ್ಳು ಅಳ್ತಾವ್ಳೋ ನಗ್ತಾವ್ಳೋ ಗೊತ್ತಾಗ್ತಿತ್ತಲ್ಲ” ಎಂದಳು. ಲತಾ ಮಂಗೇಶ್ಕರ್ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಈ ಮಾತಿನಷ್ಟು ನೇರವಾಗಿರಲಿಲ್ಲ.

ಆದರೂ ವಿವಿಧ ಭಾರತಿ ಪೂರ್ತಿಯಾಗಿ ನಮ್ಮದಾದದ್ದು ಬೆಂಗಳೂರಿನ ವಾಣಿಜ್ಯ ಪ್ರಸಾರ ಕನ್ನಡದಲ್ಲಿ ಮಾತಾಡತೊಡಗಿದ ಮೇಲೆ. ಜಾಹೀರಾತು 1967ರ ನವೆಂಬರ್ 1ರಂದು ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಲ್ಲಿ ಶುರುವಾಗಿ ನಂತರ ಉಳಿದ ನಗರಗಳಿಗೆ ಬಂದಿತ್ತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ದನಿಯ ಜೊತೆಗೆ ಸೋಪು, ಬೀಜ, ಗೊಬ್ಬರದ ಹೆಸರುಗಳೂ ನಾಲಗೆಗೆ ಹತ್ತಿದವು. ಅರ್ಥವಾಗುವ ಮಾತಿನ ಸುಖ ಬೇರೆ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಅರ್ಥವಾಗದೆಯೂ ಮನಸ್ಸಿಗೆ ತಾಗಿದ್ದು ಹೇಗೆ ಎಂಬ ಪ್ರಶ್ನೆಯೂ ಇದೆ, ಅದನ್ನು ಮಾತ್ರ ಎಷ್ಟು ಯೋಚಿಸಿದರೂ ಬಗೆಹರಿಸಲು ನನಗಾಗಿಲ್ಲ.

ಬೇಲೂರಿಗೆ ಹೋದಾಗಲೆಲ್ಲ ಈ ಯೋಚನೆ ತಲೆಕೆಳಗಾಗಿ ಎದುರು ನಿಲ್ಲುತ್ತದೆ. ಚೆನ್ನಕೇಶವ ದೇಗುಲ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ವಿವಿಧ ಭಾರತಿಗಿಂತ 840 ವರ್ಷ ಹಿಂದೆ. ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸಿದ ಮದನಿಕೆಯರನ್ನು ಕತ್ತು ಎತ್ತಿ ನೋಡಿ. ಒಬ್ಬಳು ನರ್ತಿಸುತ್ತಿದ್ದಾಳೆ. ಅವಳ ಕಾಲ ಎಡಬಲದಲ್ಲಿ ಮೊಣಕಾಲೆತ್ತರದ ಮೇಳದವರು. ಒಬ್ಬ ಮದ್ದಳೆಯವನು ಬಲಗೈಯನ್ನು ಚರ್ಮದ ಮೇಲೆ ಇಳಿಸಿಬಿಟ್ಟಿದ್ದಾನೆ, ಎಡಗೈ ಇನ್ನೂ ಏಳುತ್ತಿದೆ. ಮದ್ದಳೆಗೆ ಬಿಗಿದ ಹಗ್ಗದ ಎಳೆಎಳೆ ಕಾಣುತ್ತದೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಆರಿದಂತೆ ಗಟ್ಟಿ. ಅದಕ್ಕೇ ಇಷ್ಟು ಸೂಕ್ಷ್ಮ ಸಾಧ್ಯವಾಯಿತು. ಆ ಹೆಣ್ಣಿನ ಬೆರಳು ಯಾವ ಕೋನದಲ್ಲಿ ಮಡಿಚಿದೆ, ಗೆಜ್ಜೆ ಎಷ್ಟು ಸುತ್ತು, ಮುಡಿ ಯಾವ ಬದಿಗೆ ವಾಲಿದೆ, ಎಲ್ಲವೂ ನಮಗೆ ಗೊತ್ತು. ಗೊತ್ತಿಲ್ಲದ್ದು ಒಂದೇ: ಆ ಮದ್ದಳೆಯ ಸದ್ದು.

ಪಟ್ಟದರಸಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ ಎಂದು ಕೊಂಡಾಡುತ್ತವೆ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ಹಾಡಿನ ಒಂದು ಸ್ವರವೂ ನಮಗೆ ಉಳಿದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ನವರಂಗದಲ್ಲಿ, ತಿರುಗಣೆಗೆ ಕೊಟ್ಟು ಕಡೆದ ಕಂಬಗಳು ಕನ್ನಡಿಯಂತೆ ಹೊಳೆಯುವ ನಡುವೆ, ದುಂಡನೆಯ ಕಲ್ಲಿನ ಹಾಸು ಇದೆ. ಅದರ ಮೇಲೆ ಬಿದ್ದ ಹೆಜ್ಜೆಗಳ ತಾಳ ಎಲ್ಲಿಗೆ ಹೋಯಿತು? ಅರಸೀಕೆರೆಯ ಶಿವಾಲಯದ ಮುಂದಿನ ತೆರೆದ ಮಂಟಪ ಹದಿನಾರು ಮೂಲೆಯ ನಕ್ಷತ್ರದ ಆಕಾರದ್ದು, 1220ರ ಸುಮಾರಿನದು. ಅಲ್ಲಿ ಕೂತು ಮಾತಾಡಿದರೆ ದನಿ ಮೇಲಿನ ಗುಮ್ಮಟಕ್ಕೆ ಹೋಗಿ ತುಸು ತುಂಬಿಕೊಂಡು ಬರುತ್ತದೆ. ಅದನ್ನು ಕಟ್ಟಿದವರಿಗೆ ಕಿವಿ ಇತ್ತು. ಅವರು ಏನು ಕೇಳಿದರೆಂಬುದು ಮಾತ್ರ ಹೋಗಿಬಿಟ್ಟಿತು.

ಹೊಯ್ಸಳರ ಶಿಲ್ಪಿ ಸಂಗೀತಗಾರರ ಮೈಯನ್ನು ಉಳಿಸಿಕೊಟ್ಟ, ದನಿ ಉಳಿಸಲು ಅವನಿಗೆ ದಾರಿಯಿರಲಿಲ್ಲ. ವಿವಿಧ ಭಾರತಿ ದನಿಯನ್ನು ಮನೆಮನೆಗೆ ಕೊಟ್ಟಿತು, ಮೈಯನ್ನು ತೋರಿಸಲಿಲ್ಲ. ಹವಾ ಮಹಲ್ ನಾಟಕದ ಮುದುಕ ನಿಜವಾಗಿ ಮುದುಕನೋ ಇಪ್ಪತ್ತರ ಹುಡುಗನೋ, ರಾತ್ರಿ ಹತ್ತಕ್ಕೆ ಛಾಯಾಗೀತ್ ನಡೆಸಿಕೊಡುವ ಆ ಮೆಲುದನಿಯವರ ಮುಖ ಹೇಗಿದ್ದೀತೋ, ಕೇಳುವವರೇ ಕಟ್ಟಿಕೊಳ್ಳಬೇಕು. ಅರಸೀಕೆರೆಯಲ್ಲಿ ಒಂದು ಮುಖ, ಬೇಲೂರಿನಲ್ಲಿ ಒಂದು, ಹಳೇಬೀಡಿನಲ್ಲಿ ಮತ್ತೊಂದು. ಮದನಿಕೆಯ ಮುಂದೆ ನಿಂತವರೂ ಹಾಗೆಯೇ ಮದ್ದಳೆಯ ಬೋಲನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಎರಡೂ ಕಡೆ ಅರ್ಧ ಕೆಲಸವನ್ನು ನಮಗೆ ಬಿಟ್ಟಿದ್ದಾರೆ. ನಮ್ಮ ಸೀಮೆಯವರ ಪುಣ್ಯ ದೊಡ್ಡದು: ಈ ಎರಡು ಅಚ್ಚರಿಯೂ ನಮಗೆ ಒಂದೇ ಬಸ್ಸಿನ ದಾರಿಯಲ್ಲಿ ಸಿಕ್ಕವು.

ಇವೆರಡೂ ಒಮ್ಮೆ ಕೂಡಿದ್ದೂ ಉಂಟು. 1964ರಲ್ಲಿ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಬಂತು. ಪೂರ್ಣ ಬಣ್ಣದಲ್ಲಿ ತೆಗೆದ ಮೊದಲ ಕನ್ನಡ ಚಿತ್ರ. ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ ಪಾತ್ರವರ್ಗದಲ್ಲಿದ್ದರು. ಚಿತ್ರದ ಬಣ್ಣ ಟಾಕೀಸಿನೊಳಗೇ ಉಳಿಯಿತು, ಹಾಡುಗಳು ರೇಡಿಯೊ ಹತ್ತಿ ಊರೂರಿಗೆ ಹೋದವು. ಬೇಲೂರಿನ ಕಲ್ಲಿಗೆ ಯಾರೋ ಕೊನೆಗೂ ದನಿ ಕೊಟ್ಟಂತಾಯಿತು. ಬೇಲೂರನ್ನು ಕಡೆದವನೆಂದು ಐತಿಹ್ಯ ಹೇಳುವ ಜಕಣಾಚಾರಿಯ ಹೆಸರು ಅಲ್ಲಿನ ಕಲ್ಲಿನಲ್ಲಿಲ್ಲ. ಅಲ್ಲಿ ಕೊರೆದಿರುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಹಲವರು. ತಾವು ಕಡೆದ ವಿಗ್ರಹದ ಕಾಲಬುಡದಲ್ಲಿ ಸಣ್ಣ ಅಕ್ಷರದಲ್ಲಿ ಊರು ಸಮೇತ ಹೆಸರು ಬರೆದುಕೊಂಡರು. ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಏಕೆಂದರೆ ವಿವಿಧ ಭಾರತಿಯ ಶ್ರೋತೃಗಳು ಮಾಡಿದ್ದೂ ಅದನ್ನೇ. ಕೋರಿಕೆ ಕಾರ್ಯಕ್ರಮಕ್ಕೆ 15 ಪೈಸೆಯ ಕಾರ್ಡು ಬರೆಯುವುದು ಒಂದು ಕಾಲಕ್ಕೆ ಊರಿನ ಹುಡುಗರೆಲ್ಲ ಹಚ್ಚಿಕೊಂಡಿದ್ದ ಗೀಳು. ಚಿತ್ರದ ಹೆಸರು, ಹಾಡಿನ ಮೊದಲ ಪದ, ಆಮೇಲೆ ಮನೆಮಂದಿಯ ಹೆಸರೆಲ್ಲ ಸಾಲಾಗಿ, ಕೊನೆಗೆ ಊರು. ಹಿಂದಿಯಲ್ಲಿ ಈ ಕೋರಿಕೆಯಿಂದಲೇ ದೇಶಕ್ಕೆಲ್ಲ ಪರಿಚಯವಾದ ಊರು ಝುಮ್ರಿ ತಿಲೈಯಾ. ಈಗಿನ ಝಾರ್ಖಂಡಿನ ಕೋಡರ್ಮಾ ಜಿಲ್ಲೆಯಲ್ಲಿದೆ, ಅಭ್ರಕದ ಗಣಿಗಳ ಊರು. ಅಲ್ಲಿಯವರು ಬರೆದ ಕಾರ್ಡುಗಳ ರಾಶಿಯಿಂದ ಆ ಹೆಸರು ಒಂದು ಗಾದೆಯಂತೆ ಆಗಿಬಿಟ್ಟಿತು. ನಮ್ಮ ಕಡೆಯ ಕಾರ್ಡು ಜಂಕ್ಷನ್ನಿನ ಡಬ್ಬಿಗೆ ಬಿದ್ದು, ಅಂಚೆ ಡಬ್ಬಿಯಿಂದ ರೈಲಿಗೆ, ರೈಲಿನಿಂದ ಪಟ್ಟಣಕ್ಕೆ ಹೋಗಲು ಮೂರು ನಾಲ್ಕು ದಿನ. ಅಲ್ಲಿ ಸರದಿ ಬರಲು ವಾರಗಳು. ಹೆಸರು ವಾಪಸ್ ಬರುವಾಗ ಮಾತ್ರ ಕಣ್ಣು ಮಿಟುಕಿಸುವುದರೊಳಗೆ.

ಆ ಕ್ಷಣವನ್ನು ಕಂಡವರಿಗೇ ಗೊತ್ತು. ಒಬ್ಬ ಹುಡುಗಿ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತಿದ್ದಾಳೆ. ಪಡಸಾಲೆಯ ಪೆಟ್ಟಿಗೆಯೊಳಗಿಂದ ಅವಳ ಹೆಸರು ಬರುತ್ತದೆ, ನಂತರ ಅವಳ ಊರು. ಉದ್ಘೋಷಕಿಗೆ ಆ ಹೆಸರಿನ ಹಿಂದೆ ಯಾರಿದ್ದಾರೆಂದು ತಿಳಿಯದು. ಹುಡುಗಿಗೆ ಉದ್ಘೋಷಕಿಯ ಮುಖ ತಿಳಿಯದು. ಆದರೂ ಒಂದು ಹೆಸರು ರಾಜ್ಯದ ಮೇಲೆಲ್ಲ ಒಂದೇ ಸಲಕ್ಕೆ ಹಾದುಹೋಯಿತು: ಕೊಬ್ಬರಿ ಮಂಡಿಗೆ, ಲಾರಿ ಡ್ರೈವರಿನ ಕ್ಯಾಬಿನ್ನಿಗೆ, ಆಸ್ಪತ್ರೆಯ ವಾರ್ಡಿಗೆ, ಹಾಸ್ಟೆಲ್ಲಿನ ಕೋಣೆಗೆ. ಕೇಳಿದವರಿಗೆ ಮರುಕ್ಷಣ ಮರೆತೂ ಹೋಯಿತು. ಅವಳಿಗೆ ಮಾತ್ರ ಬದುಕಿಡೀ ಉಳಿಯಿತು. ನಾನು ಬಲ್ಲ ಒಬ್ಬರು ಅತ್ತಿಗೆ, ಮದುವೆಗೆ ಮುಂಚಿನ ತಮ್ಮ ಹೆಸರನ್ನು ಅಷ್ಟು ದೊಡ್ಡದಾಗಿ ಯಾರೂ ಕರೆದಿರಲಿಲ್ಲ, ಮುಂದೆಯೂ ಕರೆಯಲಿಲ್ಲ ಎಂದರು. ಹೇಳುವಾಗ ಅವರ ದನಿಯಲ್ಲಿ ದುಃಖವಿರಲಿಲ್ಲ, ಹೆಮ್ಮೆಯಿತ್ತು.

ಸಂಜೆ ಏಳು ಗಂಟೆ ಐದು ನಿಮಿಷಕ್ಕೆ ಬರುತ್ತಿದ್ದ ಜಯಮಾಲಾ ಸೈನಿಕರಿಗಾಗಿ. ಗಡಿಯ ಠಾಣೆಯಿಂದ ಯೋಧರು ಪತ್ರ ಬರೆದು ಹಾಡು ಕೇಳುತ್ತಿದ್ದರು. ಶನಿವಾರದ ವಿಶೇಷ ಜಯಮಾಲಾವನ್ನು ಸಿನಿಮಾದವರೇ ಬಂದು ನಡೆಸುತ್ತಿದ್ದರು. ಮಗ ಸೇನೆಯಲ್ಲಿರುವ ಮನೆಯಲ್ಲಿ ಆ ಕಾರ್ಯಕ್ರಮ ಕೇಳುವ ಬಗೆಯೇ ಬೇರೆ. ಹಿಮದ ಮೇಲೆ ಅವನೂ ಈಗ ಇದನ್ನೇ ಕೇಳುತ್ತಿರಬಹುದು ಎಂಬ ಒಂದೇ ಯೋಚನೆಗೆ ತಾಯಂದಿರು ಅರ್ಥವಾಗದ ಹಿಂದಿ ಹಾಡನ್ನು ಕೊನೆಯವರೆಗೂ ಕೇಳುತ್ತಿದ್ದರು. ಹಾಡು ಇಬ್ಬರ ಕಿವಿಗೂ ಒಂದೇ ಗಳಿಗೆಯಲ್ಲಿ ಬೀಳುತ್ತಿತ್ತು. ಪತ್ರಕ್ಕೆ ಆ ಶಕ್ತಿಯಿಲ್ಲ.

‘ಒಂದೇ ಗಳಿಗೆ’ ಎಂಬುದೇ ನನ್ನ ಮಟ್ಟಿಗೆ ವಿವಿಧ ಭಾರತಿಯ ಎಲ್ಲಕ್ಕಿಂತ ದೊಡ್ಡ ವಿಸ್ಮಯ. ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಒಂದು ತುದಿಯಿಂದ ನಡೆಯತೊಡಗಿದರೆ ಹೋಟೆಲ್, ಕ್ಷೌರದಂಗಡಿ, ಟೈಲರ್ ಅಂಗಡಿ, ಸೈಕಲ್ ಷಾಪು, ಹೀಗೆ ಒಂದೊಂದನ್ನೇ ದಾಟುತ್ತ ಇಡೀ ಹಾಡನ್ನು ಕೇಳಬಹುದಿತ್ತು, ನಡುವೆ ಒಂದು ಪದವೂ ತಪ್ಪದೆ. ಪೆಟ್ಟಿಗೆ ಬೇರೆ, ಮಾಲೀಕರು ಬೇರೆ, ಹಾಡು ಒಂದೇ. ಇವತ್ತು ಆ ರಸ್ತೆಯಲ್ಲಿ ಎರಡು ಮೊಬೈಲುಗಳಲ್ಲಿ ವಿವಿಧ ಭಾರತಿಯನ್ನು ಆ್ಯಪ್ ಮೂಲಕ ಹಾಕಿ ನೋಡಿ. ಒಂದರಲ್ಲಿ ಪಲ್ಲವಿ ಮುಗಿದಿರುತ್ತದೆ, ಇನ್ನೊಂದರಲ್ಲಿ ಇನ್ನೂ ಶುರುವಾಗಿರುವುದಿಲ್ಲ. ಇಂಟರ್ನೆಟ್ಟು ದನಿಯನ್ನು ಚೂರುಚೂರು ಮಾಡಿ, ತುಸು ಕೂಡಿಟ್ಟುಕೊಂಡು, ಆಮೇಲೆ ಕೊಡುತ್ತದೆ. ಒಬ್ಬೊಬ್ಬರಿಗೂ ಒಂದೊಂದು ತಡ. ಉಪಗ್ರಹದ ದಾರಿಯೂ ಉದ್ದದ್ದೇ: ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಅಷ್ಟೇ ದೂರ ಇಳಿಯಬೇಕು, ಸೆಕೆಂಡಿನ ಕಾಲುಭಾಗ. ಸ್ಪಷ್ಟತೆ ಹೆಚ್ಚಿದೆ, ಗೊರಗೊರ ಹೋಗಿದೆ, ಬೇಕಾದ ಹಾಡು ಬೇಕೆಂದಾಗ ಸಿಗುತ್ತದೆ. ಇದೆಲ್ಲ ಒಳ್ಳೆಯದೇ. ಆದರೆ ನಾನು ಕೇಳುತ್ತಿರುವ ಈ ಸಾಲನ್ನು ಈ ಗಳಿಗೆಯಲ್ಲೇ ಹಳೇಬೀಡಿನ ಕೆರೆ ಏರಿಯ ಮೇಲೆ ಯಾರೋ ಕೇಳುತ್ತಿದ್ದಾರೆಂಬ ಭರವಸೆ ಈಗಿನ ಪಟ್ಟಿಯ ಹಾಡುಗಳಲ್ಲಿ ಇಲ್ಲ.

ಮುಂದಿನದನ್ನು ಬೇಗ ಹೇಳಬಹುದು. 1989ರಲ್ಲಿ ಅಮೀನ್ ಸಯಾನಿಯವರ ಗೀತಮಾಲಾ ಸಿಲೋನ್ ಬಿಟ್ಟು ವಿವಿಧ ಭಾರತಿಗೇ ಬಂತು. ಮೂವತ್ತೇಳು ವರ್ಷದ ಹಿಂದೆ ಮನೆ ಬಿಟ್ಟ ದನಿ ಮರಳಿತು. ಬೆಂಗಳೂರಿನ ಹೊರವಲಯದ 500 ಕಿಲೋವಾಟಿನ ಪ್ರಸಾರಕ 9870 ಕಿಲೋಹರ್ಟ್ಸಿನಲ್ಲಿ ವಿವಿಧ ಭಾರತಿಯನ್ನು ದೂರದ ದೇಶಗಳಿಗೂ ಕಳಿಸಿತು. ಗೋಪಾಲಸ್ವಾಮಿಯವರ 30 ವಾಟಿನಿಂದ ಇಲ್ಲಿಗೆ ಹದಿನಾರು ಸಾವಿರಕ್ಕೂ ಹೆಚ್ಚು ಪಟ್ಟು. ಎಫ್‌ಎಂ ಬಂತು, ಬೆಂಗಳೂರಿನ ವಿವಿಧ ಭಾರತಿ 102.9ಕ್ಕೆ ಬಂದು ಕೂತಿತು. ಹಾಸನಕ್ಕೆ ತನ್ನದೇ ಆಕಾಶವಾಣಿಯಾಗಿ 102.2ರಲ್ಲಿ ನಮ್ಮ ಸೀಮೆಯ ಕನ್ನಡವೇ ಕೇಳತೊಡಗಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ತೆರೆಯಿತು. ಎಫ್‌ಎಂ ಅಲೆ ಆಕಾಶಕ್ಕೆ ತಾಗಿ ಬಾಗುವುದಿಲ್ಲ. ಕಣ್ಣು ಹಾಯುವಷ್ಟು ದೂರ ಹೋಗಿ ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ದನಿ ಸ್ವಚ್ಛವಾಯಿತು, ಲೋಕ ಸಣ್ಣದಾಯಿತು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡರು.

ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬಹಳ ಕಾಲ ಕಾದ ಗೌರವ, ಸಂತೋಷವೇ. ಕಲ್ಲಿಗೆ ಈಗ ಕಾವಲಿದೆ, ಅಳತೆಯಿದೆ, ನಕ್ಷೆಯಿದೆ. ನಮ್ಮ ಅಜ್ಜ ಅಜ್ಜಿಯರು ಕೇಳಿಸಿಕೊಂಡದ್ದಕ್ಕೆ ಏನಿದೆ? ಹಾಡುಗಳು ಉಳಿದಿವೆ, ಅವು ಎಲ್ಲಿ ಬೇಕಾದರೂ ಸಿಗುತ್ತವೆ. ಹಾಡಿನ ನಡುವಿನ ನೇರ ಮಾತು, ಕಾರ್ಡಿನಿಂದ ಓದಿದ ಹೆಸರುಗಳು, ಪಂಚಾಯಿತಿ ಕಟ್ಟೆಯ ರೇಡಿಯೊದ ಮುಂದೆ ಯಾರು ಎಲ್ಲಿ ಕೂರುತ್ತಿದ್ದರೆಂಬುದು, ಯಾವ ಮನೆಗೆ ಮೊದಲ ಸೆಟ್ಟು ಬಂತೆಂಬುದು, ಇವೆಲ್ಲ ಬಹುಪಾಲು ಗಾಳಿಗೆ ಹೋದವು. ಶಾಂತಲೆಯ ದನಿ ಉಳಿಸಿಕೊಳ್ಳಲು ಆ ಕಾಲದವರಿಗೆ ಉಪಾಯವಿರಲಿಲ್ಲ. ನಮಗಿದೆ; ಒಬ್ಬೊಬ್ಬರ ಜೇಬಿನಲ್ಲೂ ದನಿ ಹಿಡಿಯುವ ಯಂತ್ರವಿದೆ. ನಾವು ಹಿಡಿಯದಿದ್ದರೆ ಅದಕ್ಕೆ ಕಾಲವನ್ನು ದೂರುವಂತಿಲ್ಲ.

ಆದ್ದರಿಂದ ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಓದುಗರಲ್ಲಿ ಒಂದು ಬೇಡಿಕೆ. ಮನೆಯ ಹಿರಿಯರನ್ನು ಎದುರು ಕೂರಿಸಿಕೊಂಡು ಕೇಳಿ: ಮೊದಲು ಕೇಳಿದ ಹಾಡು ಯಾವುದು, ಯಾರ ಮನೆಯಲ್ಲಿ, ಯಾವ ಸೆಟ್ಟಿನಲ್ಲಿ, ಕಾರ್ಡು ಬರೆದದ್ದುಂಟೆ, ಹೆಸರು ಬಂತೆ, ಬಂದಾಗ ಯಾರು ಪಕ್ಕದಲ್ಲಿದ್ದರು. ಅವರು ಹೇಳಿದ್ದನ್ನು ಅವರದೇ ದನಿಯಲ್ಲಿ ಮೊಬೈಲಿಗೆ ಹಿಡಿದಿಡಿ. ಟ್ರಂಕಿನಲ್ಲಿ ಹಳೆಯ ಲೈಸೆನ್ಸ್ ಪುಸ್ತಕವಿದ್ದರೆ ಗುಜರಿಗೆ ಹಾಕಬೇಡಿ, ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಕ್ಕೋ ಕೊಡಿ. ಮುಂದಿನ ಬೇಸಿಗೆ ರಜೆಗೆ ಎಂದು ಮುಂದೂಡುವುದು ಬೇಡ. 1957ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ.